ಚಲಚ್ಚಿತ್ರದ ಆದಿಪುರುಷ ದಾದಾಸಾಹೇಬ ಫಾಲ್ಕೆ



ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿ, ನಾಸಿಕದ ಸ್ನಾನಘಟ್ಟಗಳನ್ನು ತೊಳೆದು, ಮೂಡಲಿಗೆ ಹರಿದು ಪೈಠಣವನ್ನು ಮುಟ್ಟುವ ಗೋದಾವರಿಯು ಕನ್ನಡಿಗರಾದ ನಮಗೆ ಪರಕೀಯಳಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಹೇಳುವಾಗ ಇದೇ ನದಿಯನ್ನು ಹೆಸರಿಸುತ್ತದೆ. ಶಾತವಾಹನರ ರಾಜಧಾನಿಯೂ ಸಂತ ಏಕನಾಥರ ಊರೂ ಆದ ಪೈಠಣದ ದಂಡೆಯಲ್ಲಿ ನಿಂತು ಈ ಮಾತನ್ನು ನಾನು ಹೇಳಿದಾಗ, ಪ್ರವಾಸಕ್ಕೆ ಬಂದಿದ್ದ ನಿಮ್ಮಲ್ಲಿ ಕೆಲವರು ನೀರಿನತ್ತ ನೋಡಿದಿರಿ, ಕೆಲವರು ಬುತ್ತಿಯ ಗಂಟಿನತ್ತ ನೋಡಿದಿರಿ. ಅದು ಇರಲಿ. ಮರಳಿ ಬರುವ ದಾರಿಯಲ್ಲಿ ಬಸ್ಸಿನ ಹಿಂದಿನ ಆಸನದ ಹುಡುಗರು ಮೊಬೈಲ್ ಫೋನಿನಲ್ಲಿ ಒಂದು ಪತ್ತೇದಾರಿ ಚಿತ್ರವನ್ನು ನೋಡುತ್ತಿದ್ದರು. ಅವರಲ್ಲೊಬ್ಬನು ಇಂಥ ಚಿತ್ರವನ್ನು ಎಲ್ಲಕ್ಕೂ ಮೊದಲು ಯಾರು ತೆಗೆದರೆಂದು ಕೇಳಿದನು. ಆಗ ನಾನು ಕೊಟ್ಟ ಉತ್ತರವು ಅರ್ಧವಾಗಿತ್ತು. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ. ಅದು ನಾವು ಆ ದಿನ ಬೆಳಿಗ್ಗೆ ದಾಟಿ ಬಂದಿದ್ದ ತ್ರ್ಯಂಬಕದಲ್ಲಿಯೇ ಹುಟ್ಟಿದ ಒಬ್ಬ ಪುರುಷರ ಕಥೆ.

ಮೊದಲು ಆ ಅರ್ಧ ಉತ್ತರ. ಷೆರ್ಲಾಕ್ ಹೋಮ್ಸ್ ಎಂಬ ಪತ್ತೇದಾರನ ಹೆಸರನ್ನು ಹೊತ್ತ ಅತ್ಯಂತ ಹಳೆಯ ಚಿತ್ರವು ೧೯೦೦ರಲ್ಲಿ ಅಮೇರಿಕೆಯಲ್ಲಿ ತಯಾರಾಯಿತು. ಅದರ ಉದ್ದವು ಒಂದು ನಿಮಿಷವೂ ಇಲ್ಲ. ಪತ್ತೇದಾರನು ತನ್ನ ಕೋಣೆಯನ್ನು ಪ್ರವೇಶಿಸುತ್ತಾನೆ. ಕಳ್ಳನೊಬ್ಬನು ಸಾಮಾನುಗಳನ್ನು ಚೀಲಕ್ಕೆ ತುಂಬುತ್ತಿದ್ದಾನೆ. ಹಿಡಿಯಹೋದರೆ ಕಳ್ಳನು ಗಾಳಿಯಲ್ಲಿ ಮಾಯವಾಗುತ್ತಾನೆ. ಕಡೆಗೆ ಕೈಗೆ ಸಿಕ್ಕ ಚೀಲವೂ ಮಾಯವಾಗಿ, ಪತ್ತೇದಾರನು ಬೆಪ್ಪಾಗಿ ನಿಲ್ಲುತ್ತಾನೆ. ಮಾತಿಲ್ಲ, ಸಾಕ್ಷಿಯಿಲ್ಲ, ವಿಚಾರಣೆಯಿಲ್ಲ. ಕ್ಯಾಮೆರಾವನ್ನು ನಿಲ್ಲಿಸಿ, ಕಳ್ಳನ ವೇಷದವನನ್ನು ಆಚೆಗೆ ಕಳುಹಿಸಿ, ಮತ್ತೆ ನಡೆಸಲಾರಂಭಿಸುವುದು, ಇಷ್ಟೇ ಅದರ ಯುಕ್ತಿ. ಆ ಪತ್ತೇದಾರನು ಪರದೆಯ ಮೇಲೆ ಬಾಯಿಬಿಟ್ಟು ಮಾತನಾಡಲು ಮುಂದೆ ೧೯೨೯ರವರೆಗೆ ಕಾಯಬೇಕಾಯಿತು. ನಮ್ಮ ಕಥಾನಾಯಕರ ಆಯುಷ್ಯವು ಈ ಎರಡು ತುದಿಗಳನ್ನೂ ಕಂಡಿತು: ಮಾಯದ ಯುಕ್ತಿಯಿಂದ ಅವರು ಏರಿದರು, ಮಾತು ಬಂದಾಗ ಅವರು ಇಳಿದರು.

ಅವರ ಪೂರ್ಣ ಹೆಸರು ಧುಂಡಿರಾಜ ಗೋವಿಂದ ಫಾಲ್ಕೆ. ೧೮೭೦ನೆಯ ಇಸವಿ ಏಪ್ರಿಲ್ ೩೦ರಂದು ತ್ರ್ಯಂಬಕದಲ್ಲಿ ಜನನ. ತಂದೆಯವರು ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಮುಂದೆ ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ವೈದಿಕ ಮನೆತನದ ಮಗನು ವೇದ ಕಲಿಯುವುದಕ್ಕೆ ಬದಲಾಗಿ ಬಣ್ಣ ಕುಂಚಗಳನ್ನು ಹಿಡಿದನು. ೧೮೮೫ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಚಿತ್ರಕಲೆ, ಅನಂತರ ಬಡೋದೆಯ ಕಲಾಭವನದಲ್ಲಿ ತೈಲಚಿತ್ರ, ಮೂರ್ತಿ ರಚನೆ, ವಾಸ್ತುವಿದ್ಯೆ, ಛಾಯಾಗ್ರಹಣ, ಮುದ್ರಣದ ಅಚ್ಚುಗಳನ್ನು ಸಿದ್ಧಪಡಿಸುವ ವಿದ್ಯೆ, ಹೀಗೆ ಒಂದರ ಮೇಲೊಂದು. ಇಷ್ಟೊಂದನ್ನು ಕಲಿಯುವ ಹುಡುಗನನ್ನು ಕಂಡರೆ ನಮ್ಮ ಹಿರಿಯರು ಯಾವುದರಲ್ಲಿಯೂ ನೆಲೆ ನಿಲ್ಲದವನೆಂದು ಮೂಗು ಮುರಿಯುತ್ತಾರೆ. ನಾನೂ ತರಗತಿಯಲ್ಲಿ ಹಾಗೆ ಅಂದದ್ದುಂಟು.

ಗುಜರಾತಿನಲ್ಲಿ ಅವರು ಛಾಯಾಚಿತ್ರದ ಅಂಗಡಿಯನ್ನು ತೆರೆದರು. ಕ್ಯಾಮೆರಾದ ಮುಂದೆ ಕುಳಿತರೆ ದೇಹದ ಸತ್ವವನ್ನು ಅದು ಹೀರಿಕೊಳ್ಳುತ್ತದೆಂಬ ಭಯ ಅಂದಿನ ಜನರಲ್ಲಿತ್ತು, ವ್ಯಾಪಾರ ಕುದುರಲಿಲ್ಲ. ಅದಕ್ಕಿಂತಲೂ ದೊಡ್ಡ ಆಘಾತವು ಪ್ಲೇಗಿನ ರೂಪದಲ್ಲಿ ಬಂದಿತು. ಶತಮಾನ ತಿರುಗುವ ಹೊತ್ತಿಗೆ ಅವರ ಮೊದಲ ಪತ್ನಿಯೂ ಮಗುವೂ ತೀರಿಕೊಂಡರು. ಕೆಲಕಾಲ ನಾಟಕ ಕಂಪನಿಗಳ ಪರದೆಗಳಿಗೆ ಬಣ್ಣ ಬಳಿದರು. ಬಡೋದೆಗೆ ಬಂದಿದ್ದ ಒಬ್ಬ ಜರ್ಮನ್ ಜಾದೂಗಾರನಿಂದ ಇಂದ್ರಜಾಲವನ್ನು ಕಲಿತು, ತಮ್ಮ ಹೆಸರಿನ ಅಕ್ಷರಗಳನ್ನು ತಿರುವುಮುರುವಾಗಿಸಿ ಪ್ರೊಫೆಸರ್ ಕೇಲ್ಫಾ ಎಂಬ ಹೆಸರಿನಿಂದ ಪ್ರದರ್ಶನಗಳನ್ನು ಕೊಟ್ಟರು. ಕಣ್ಣೆದುರಿಗಿದ್ದ ವಸ್ತುವನ್ನು ಕಾಣದಂತೆ ಮಾಡುವ ಆ ವಿದ್ಯೆಯ ನಿಜವಾದ ಉಪಯೋಗವು ಹತ್ತು ವರ್ಷಗಳ ಅನಂತರ ಒದಗಿತು.

೧೯೦೨ರಲ್ಲಿ ಅವರ ದ್ವಿತೀಯ ವಿವಾಹವಾಯಿತು. ವಧುವು ಕಿರ್ಲೋಸ್ಕರ ನಾಟಕ ಮಂಡಳಿಯ ಒಡೆಯರ ಸಂಬಂಧಿ. ಈ ಮಂಡಳಿಯನ್ನು ಸ್ಥಾಪಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಹುಟ್ಟೂರು ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರು ಎಂಬುದನ್ನು ನೆನಪಿನಲ್ಲಿಡಿರಿ. ಗಿರಿಜಾ ಎಂಬ ಆ ಕನ್ಯೆಯು ಮದುವೆಯ ಅನಂತರ ಸರಸ್ವತಿಬಾಯಿ ಎನಿಸಿದಳು. ಈಕೆಯ ಮಾತು ಮುಂದೆ ಬರುತ್ತದೆ. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದರಲ್ಲಿ ಅರ್ಧವು ಈಕೆಯದೇ.

ಪುರಾತತ್ವ ಇಲಾಖೆಯಲ್ಲಿ ಕೆಲವು ವರ್ಷ ಛಾಯಾಗ್ರಾಹಕರಾಗಿದ್ದು, ಆ ಸರಕಾರಿ ನೌಕರಿಯನ್ನು ೧೯೦೬ರಲ್ಲಿ ಬಿಟ್ಟು, ಫಾಲ್ಕೆಯವರು ಲೋನಾವಳೆಯಲ್ಲಿ ಮುದ್ರಣಾಲಯವನ್ನು ಹಾಕಿದರು. ರವಿವರ್ಮರ ಮುದ್ರಣಾಲಯಕ್ಕೆ ಅಚ್ಚುಗಳನ್ನು ಮಾಡಿಕೊಡುತ್ತಿದ್ದರು. ನಮ್ಮ ಹಳ್ಳಿಯ ಮನೆಗಳ ಪಡಸಾಲೆಯಲ್ಲಿ ಇಂದಿಗೂ ತೂಗುವ ಲಕ್ಷ್ಮಿ ಸರಸ್ವತಿಯರ ಪಟಗಳ ಪರಂಪರೆಯು ಅಲ್ಲಿಂದ ಬಂದುದು. ಉದ್ಯಮವು ಮುಂಬಯಿಯ ದಾದರಕ್ಕೆ ಸ್ಥಳಾಂತರವಾಯಿತು. ಹೆಚ್ಚಿನ ಕಲಿಕೆಗೂ ಯಂತ್ರಗಳಿಗೂ ೧೯೦೯ರಲ್ಲಿ ಜರ್ಮನಿಗೂ ಹೋಗಿಬಂದರು. ಆದರೆ ಪಾಲುದಾರರೊಡನೆ ಮನಸ್ತಾಪವಾಗಿ ಎಲ್ಲವನ್ನೂ ಬಿಟ್ಟು ಹೊರಬಂದರು. ಪಾಲುದಾರರೊಡನೆ ಹೊಂದಿಕೊಂಡು ಹೋಗುವ ಗುಣವು ಅವರಿಗೆ ಜೀವಮಾನದಲ್ಲಿ ಒಮ್ಮೆಯೂ ಸಿದ್ಧಿಸಲಿಲ್ಲ. ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಇಂಥದನ್ನು ಮರೆಮಾಚುವ ರೂಢಿಯುಂಟು. ಆದರೆ ಇದನ್ನು ಮರೆಮಾಚಿದರೆ ಮುಂದಿನ ಕಥೆಯು ಅರ್ಥವಾಗದು.

ನಲವತ್ತು ದಾಟಿದ್ದರು, ಕೈಯಲ್ಲಿ ಉದ್ಯೋಗವಿಲ್ಲ, ಮನೆಯಲ್ಲಿ ಮಕ್ಕಳು. ಅಂಥ ದಿನಗಳಲ್ಲಿ, ೧೯೧೧ರ ಸುಮಾರಿಗೆ, ಮುಂಬಯಿಯ ಗಿರಗಾಂವದ ಒಂದು ಡೇರೆಯ ಚಿತ್ರಮಂದಿರದಲ್ಲಿ ಕ್ರಿಸ್ತನ ಜೀವನವನ್ನು ಕುರಿತ ಮೂಕಚಿತ್ರವನ್ನು ಅವರು ನೋಡಿದರು. ಕ್ರಿಸ್ತನ ಬದಲಿಗೆ ರಾಮ, ಕೃಷ್ಣರು ಅದೇ ಪರದೆಯ ಮೇಲೆ ನಡೆದಾಡುವುದನ್ನು ಅವರ ಮನಸ್ಸು ಕಲ್ಪಿಸಿಕೊಂಡಿತು. ಮತ್ತೆ ಮಡದಿಯನ್ನು ಕರೆದೊಯ್ದು ತೋರಿಸಿದರು. ಅಲ್ಲಿಂದ ಮುಂದೆ ಅವರು ನಡೆದುಕೊಂಡ ರೀತಿಯು, ನೀವು ಓದುವ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಒಂದು ಸುಳಿವನ್ನು ಹಿಡಿದು ಹೊರಡುವ ರೀತಿಯಂತೆಯೇ ಇತ್ತು. ಮುಂಬಯಿಗೆ ಬಂದ ಚಿತ್ರಗಳನ್ನೆಲ್ಲ ನೋಡಿದರು. ಚಲಿಸುವ ಚಿತ್ರವು ಹೇಗೆ ಚಲಿಸುತ್ತದೆ? ಯಾವ ಯಂತ್ರ, ಯಾವ ರಸಾಯನ, ಎಷ್ಟು ಬೆಳಕು? ಆಟಿಕೆಯ ಪ್ರದರ್ಶನ ಯಂತ್ರ, ಫಿಲ್ಮಿನ ತುಂಡುಗಳು, ಮೇಣದ ಬತ್ತಿ, ಭೂತಗನ್ನಡಿ, ಇವುಗಳನ್ನಿಟ್ಟುಕೊಂಡು ರಾತ್ರಿಗಳನ್ನು ಕಳೆದರು. ದಿನಕ್ಕೆ ಮೂರು ತಾಸಿಗಿಂತ ಹೆಚ್ಚು ನಿದ್ರೆಯಿಲ್ಲ. ಕಣ್ಣುಗಳು ಸೋತು, ಕೆಲಕಾಲ ದೃಷ್ಟಿಯೇ ಹೋದಂತಾಯಿತು. ವೈದ್ಯರ ಚಿಕಿತ್ಸೆಯಿಂದಲೂ ಬಗೆಬಗೆಯ ಕನ್ನಡಕಗಳಿಂದಲೂ ಅದು ಮರಳಿತು. ನೆಂಟರಿಷ್ಟರಿಗೆ ಇವರಿಗೆ ಬುದ್ಧಿಭ್ರಮಣೆಯಾಗಿದೆಯೆಂಬ ಸಂಶಯ. ಸಂಶಯಪಡದೆ ಪಕ್ಕದಲ್ಲಿ ನಿಂತವಳು ಸರಸ್ವತಿಬಾಯಿಯೊಬ್ಬಳೇ.

ಜೀವವಿಮೆಯ ಪಾಲಿಸಿಯನ್ನು ಒತ್ತೆಯಿಟ್ಟು ಸಾಲವನ್ನೆತ್ತಿ, ೧೯೧೨ರ ಫೆಬ್ರುವರಿಯಲ್ಲಿ ಅವರು ಲಂಡನ್ನಿಗೆ ಹೊರಟರು. ಪರಿಚಿತರಿಲ್ಲದ ಆ ಊರಿನಲ್ಲಿ ಬಯೋಸ್ಕೋಪ್ ಎಂಬ ವಾರಪತ್ರಿಕೆಯ ಫಲಕವನ್ನು ಕಂಡು ಒಳಗೆ ನಡೆದರು. ಅದರ ಸಂಪಾದಕರು ಮೊದಲು ನಿರುತ್ಸಾಹಗೊಳಿಸಿದರೂ, ಇವರ ಹಟವನ್ನು ಕಂಡು, ಸೆಸಿಲ್ ಹೆಪ್‌ವರ್ತ್ ಎಂಬ ಚಿತ್ರ ನಿರ್ಮಾಪಕರ ಬಳಿಗೆ ಕಳುಹಿಸಿದರು. ಈ ಹೆಪ್‌ವರ್ತರು ಯಾರು ಬಲ್ಲಿರಾ? ೧೯೦೫ರಲ್ಲಿ ಕಳುವಾದ ಕೂಸೊಂದರ ಜಾಡನ್ನು ಹಿಡಿದು, ಬೀದಿ ದಾಟಿ, ಹೊಳೆ ಈಜಿ, ಕಳ್ಳಿಯ ಅಟ್ಟದವರೆಗೂ ಹೋಗಿ ಪತ್ತೆಹಚ್ಚುವ ನಾಯಿಯ ಆರೇಳು ನಿಮಿಷಗಳ ಚಿತ್ರವನ್ನು ಹೊರತಂದವರು. ಅದಕ್ಕೆ ಕಥೆ ಹೊಂದಿಸಿದವರು ಅವರ ಪತ್ನಿ; ಕೂಸು ಅವರದೇ ಮಗು; ನಾಯಿ ಅವರ ಮನೆಯದೇ. ಚಿತ್ರಕ್ಕೆ ಎಷ್ಟು ಬೇಡಿಕೆ ಬಂದಿತೆಂದರೆ ಮೂಲ ಪ್ರತಿಯು ಸವೆದು ಹೋಗಿ, ಅದನ್ನೇ ಮತ್ತೆ ಮತ್ತೆ ತೆಗೆಯಬೇಕಾಯಿತು. ಮನೆಮಂದಿಯನ್ನೇ ಕಟ್ಟಿಕೊಂಡು ಚಿತ್ರ ತೆಗೆಯಬಹುದೆಂಬುದಕ್ಕೆ ಫಾಲ್ಕೆಯವರ ಎದುರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿರಲಿಲ್ಲ. ಹೆಪ್‌ವರ್ತರ ಕಾರ್ಯಾಗಾರದಲ್ಲಿ ಎಲ್ಲ ವಿಭಾಗಗಳನ್ನೂ ನೋಡಿ, ಐವತ್ತು ಪೌಂಡಿಗೆ ಒಂದು ವಿಲಿಯಂಸನ್ ಕ್ಯಾಮೆರಾವನ್ನು ಕೊಂಡು, ಏಪ್ರಿಲ್ ೧ರಂದು ಅವರು ತಾಯ್ನಾಡಿಗೆ ಮರಳಿದರು. ಅದೇ ದಿನ ಫಾಲ್ಕೆ ಫಿಲ್ಮ್ಸ್ ಎಂಬ ಸಂಸ್ಥೆಯ ನಾಮಕರಣವಾಯಿತು.

ಸಾಲ ಕೊಡುವವರನ್ನು ಒಪ್ಪಿಸುವುದಕ್ಕೆ ಮೊದಲು ಒಂದು ಕಿರುಚಿತ್ರವನ್ನು ತಯಾರಿಸಿದರು. ಕುಂಡದಲ್ಲಿ ಬಟಾಣಿಯ ಬೀಜವನ್ನು ನೆಟ್ಟು, ಅದರ ಮುಂದೆ ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ, ಒಂದು ತಿಂಗಳ ಕಾಲ ಒಂದೊಂದೇ ಚಿತ್ರವನ್ನು ತೆಗೆಯುತ್ತ ಹೋದರು. ಆ ಕಾಲದ ಲೆಕ್ಕದಂತೆ ಸೆಕೆಂಡಿಗೆ ಹದಿನಾರು ಚಿತ್ರಗಳು ಪರದೆಯ ಮೇಲೆ ಸರಿದರೆ, ಒಂದು ನಿಮಿಷಕ್ಕೆ ೯೬೦ ಬೇಕು. ದಿನಕ್ಕೆ ಎಷ್ಟು ಬಿದ್ದಿತೆಂಬುದನ್ನು ನೀವೇ ಭಾಗಿಸಿ ನೋಡಿರಿ. ತಿಂಗಳ ಬೆಳವಣಿಗೆಯನ್ನು ನಿಮಿಷ ಮಾತ್ರದಲ್ಲಿ ನೋಡಿದವರಿಗೆ, ಬೀಜವು ಒಡೆದು ಬಳ್ಳಿಯು ಹಾವಿನಂತೆ ಮೇಲೇಳುವುದು ಇಂದ್ರಜಾಲವಾಗಿಯೇ ಕಂಡಿತು. ಯಶವಂತರಾವ್ ನಾಡಕರ್ಣಿ ಮೊದಲಾದವರು ಸಾಲ ಕೊಡಲು ಒಪ್ಪಿದರು. ಸಾಲದಿದ್ದುದಕ್ಕೆ ಸರಸ್ವತಿಬಾಯಿಯ ಒಡವೆಗಳು ಹೋದವು.

ಮೊದಲ ಕಥಾಚಿತ್ರ ರಾಜಾ ಹರಿಶ್ಚಂದ್ರ. ಸತ್ಯಕ್ಕಾಗಿ ಮಡದಿ ಮಕ್ಕಳನ್ನು ಮಾರಿದ ಅರಸನ ಕಥೆಯನ್ನು ರಾಘವಾಂಕನ ಮೂಲಕ ಬಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ. ದಾದರದ ಮನೆಯೇ ಕಾರ್ಯಾಗಾರವಾಯಿತು. ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ದೊರೆಯಲಿಲ್ಲ. ಗ್ರಾಂಟ್ ರೋಡಿನ ಒಂದು ಖಾನಾವಳಿಯಲ್ಲಿ ತಿಂಗಳಿಗೆ ಹತ್ತು ರೂಪಾಯಿಗೆ ದುಡಿಯುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನಿಗೆ ಹದಿನೈದು ರೂಪಾಯಿ ಕೊಡುವುದಾಗಿ ಹೇಳಿ ಕರೆತಂದರು. ಹರಿಶ್ಚಂದ್ರನಾದವರು ದಾಬಕೆ ಎಂಬ ನಟರು. ರೋಹಿದಾಸನ ಪಾತ್ರಕ್ಕೆ, ಪರದೆಯ ಮೇಲಾದರೂ ಮಗನು ಸಾಯುವ ಆ ಪಾತ್ರಕ್ಕೆ, ಬೇರೆ ತಂದೆತಾಯಿಗಳು ಮಕ್ಕಳನ್ನು ಕಳುಹಿಸಲಾರರು. ಆದುದರಿಂದ ತಮ್ಮ ಮಗ ಭಾಲಚಂದ್ರನನ್ನೇ ನಿಲ್ಲಿಸಿದರು. ಚಿತ್ರದಲ್ಲಿ ಕೆಲಸವೆಂದರೆ ಜನ ಹೀನಾಯವಾಗಿ ನೋಡುತ್ತಿದ್ದುದರಿಂದ, ಹರಿಶ್ಚಂದ್ರನ ಕಾರ್ಖಾನೆಯಲ್ಲಿ ನೌಕರಿ ಎಂದು ಊರವರಿಗೆ ಹೇಳಬೇಕೆಂದು ತಂಡದವರಿಗೆ ಸೂಚಿಸಿದ್ದರಂತೆ.

ಇನ್ನು ಸರಸ್ವತಿಬಾಯಿ. ಆ ಕಾಲದಲ್ಲಿ ಕಚ್ಚಾ ಫಿಲ್ಮಿನ ಅಂಚುಗಳಲ್ಲಿ ತೂತುಗಳಿರುತ್ತಿರಲಿಲ್ಲ. ಬೆಳಕು ತಾಗಿದರೆ ಅದು ಕೆಡುವುದು. ಆದುದರಿಂದ ಕತ್ತಲೆಯ ಕೋಣೆಯಲ್ಲಿ ಕುಳಿತು, ಕೈಯ ಅಂದಾಜಿನಿಂದಲೇ, ಸಾವಿರಾರು ಅಡಿಗಳ ಉದ್ದಕ್ಕೂ ಸಮಾನ ಅಂತರದಲ್ಲಿ ತೂತು ಕೊರೆಯಬೇಕು. ಒಂದು ತೂತು ಓರೆಯಾದರೆ ಪರದೆಯ ಮೇಲೆ ಅರಸನು ಜಿಗಿಯುತ್ತಾನೆ. ಈ ಕೆಲಸ ಆಕೆಯದು. ಹಗಲು ಬಿಸಿಲಿನಲ್ಲಿ ಬಿಳಿಯ ಬಟ್ಟೆಯನ್ನು ಹಿಡಿದು ನಟರ ಮುಖಕ್ಕೆ ಬೆಳಕು ಬೀಳಿಸುವುದು ಆಕೆಯದು. ರಾತ್ರಿ ಫಿಲ್ಮನ್ನು ರಸಾಯನದಲ್ಲಿ ತೊಳೆಯುವುದರಲ್ಲಿಯೂ ಆಕೆಯ ಕೈ. ಇವುಗಳ ನಡುವೆ ಅರುವತ್ತು ಎಪ್ಪತ್ತು ಜನರಿಗೆ ಎರಡು ಹೊತ್ತಿನ ಅಡಿಗೆ. ಚಿತ್ರದ ಪ್ರಾರಂಭದಲ್ಲಿ ನಾವು ಓದುವ ಹೆಸರುಗಳಲ್ಲಿ ಆಕೆಯ ಹೆಸರಿಲ್ಲ. ನಮ್ಮ ಹಳ್ಳಿಯ ಶಾಲೆಯ ಪಠ್ಯದಲ್ಲಿ ಫಾಲ್ಕೆಯವರ ವಿಷಯವಾಗಿ ನಾನು ಓದಿದ್ದು ಎರಡೇ ಸಾಲು, ಅದರಲ್ಲಿಯೂ ಆಕೆಯಿರಲಿಲ್ಲ.

ಹೊರಾಂಗಣದ ದೃಶ್ಯಗಳಿಗಾಗಿ ವಾಂಗಣಿ ಎಂಬ ಹಳ್ಳಿಗೆ ಹೋದಾಗ ಒಂದು ಪ್ರಸಂಗ ನಡೆಯಿತೆಂದು ಹೇಳುತ್ತಾರೆ. ಫಾಲ್ಕೆಯವರು ತಲುಪುವ ಮೊದಲೇ ತಂಡದವರು ಈಟಿ, ಕತ್ತಿಗಳನ್ನು ಹಿಡಿದು ಅಲ್ಲಿ ಬಂದಿಳಿದಿದ್ದರು. ಇವರು ಡಕಾಯಿತರೇ ಸರಿಯೆಂದು ಊರ ಪಾಟೀಲನು ಪೋಲೀಸರಿಗೆ ತಿಳಿಸಿದನು. ಎಲ್ಲರೂ ಸೆರೆಯಾದರು. ಚಿತ್ರವೆಂದರೇನೆಂದು ಕಂಡರಿಯದ ಫೌಜದಾರನಿಗೆ ವಿವರಿಸುವುದು ಹೇಗೆ? ಫಾಲ್ಕೆಯವರು ಬಂದು, ಕ್ಯಾಮೆರಾವನ್ನು ನಿಲ್ಲಿಸಿ, ಅದರೊಳಗೆ ಫಿಲ್ಮೇ ಇಲ್ಲದೆ ಹಿಡಿಕೆಯನ್ನು ತಿರುಗಿಸಿ, ನಟರಿಂದ ಒಂದು ದೃಶ್ಯವನ್ನು ಆಡಿಸಿ ತೋರಿಸಿದ ಮೇಲೆ ಬಿಡುಗಡೆಯಾಯಿತಂತೆ. ಫಿಲ್ಮು ದುಬಾರಿ, ಫೌಜದಾರನಿಗಾಗಿ ಅದನ್ನು ವ್ಯಯ ಮಾಡುವವರು ಅವರಲ್ಲ!

ಆರು ತಿಂಗಳು ಇಪ್ಪತ್ತೇಳು ದಿನಗಳ ದುಡಿಮೆಯ ಫಲವಾಗಿ ೩,೭೦೦ ಅಡಿಗಳ ಚಿತ್ರವು ಸಿದ್ಧವಾಯಿತು. ೧೯೧೩ರ ಏಪ್ರಿಲ್ ೨೧ರಂದು ಆಹ್ವಾನಿತರಿಗೆ, ಮೇ ೩ರಂದು ಗಿರಗಾಂವದ ಕಾರೋನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕರಿಗೆ ಅದನ್ನು ತೋರಿಸಲಾಯಿತು. ಮುಂಬಯಿಯಲ್ಲಿ ಜನ ಮುಗಿಬಿದ್ದರು. ಆದರೆ ಸೂರತ್ತಿನಲ್ಲಿ ಮೊದಲ ದಿನದ ಗಳಿಕೆ ಮೂರೇ ರೂಪಾಯಿ. ಅಲ್ಲಿಯ ಜನರಿಗೆ ಆರು ತಾಸು ನಡೆಯುವ ನಾಟಕದ ರೂಢಿ. ಒಂದು ತಾಸಿನ ಆಟಕ್ಕೆ ಕಾಸು ಕೊಡಲು ಅವರು ಸಿದ್ಧರಿಲ್ಲ. ಫಾಲ್ಕೆಯವರು ಹೆದರಲಿಲ್ಲ. ಐವತ್ತೇಳು ಸಾವಿರ ಛಾಯಾಚಿತ್ರಗಳುಳ್ಳ, ಎರಡು ಮೈಲು ಉದ್ದದ ಆಟವು ಕೇವಲ ಮೂರಾಣೆಗೆ ಎಂದು ಜಾಹೀರಾತು ಹೊರಡಿಸಿದರು. ಜನ ಬಂದರು. ಇಲ್ಲಿ ಗಣಿತದ ಮಕ್ಕಳು ಸುಮ್ಮನಿರಬಾರದು. ಅಡಿಗೆ ಹದಿನಾರು ಚಿತ್ರಗಳಂತೆ ೩,೭೦೦ ಅಡಿಗೆ ೫೯,೨೦೦ ಆಗುತ್ತದೆ. ಆದುದರಿಂದ ಐವತ್ತೇಳು ಸಾವಿರದ ಮಾತು ಹೆಚ್ಚುಕಡಿಮೆ ಸರಿಯೇ. ಆದರೆ ಮೈಲಿಗೆ ೫,೨೮೦ ಅಡಿ. ಮುಕ್ಕಾಲು ಮೈಲಿಯೂ ಇಲ್ಲದ ಚಿತ್ರವು ಎರಡು ಮೈಲಿಯಾದದ್ದು ಹೇಗೆ? ಸತ್ಯಹರಿಶ್ಚಂದ್ರನ ಚಿತ್ರಕ್ಕೆ ಇಂಥ ಜಾಹೀರಾತು!

ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಸಂಸಾರ, ಸಂಸ್ಥೆಗಳೆರಡನ್ನೂ ನಾಸಿಕಕ್ಕೆ ಸಾಗಿಸಿದರು. ನದಿ, ಗುಡ್ಡ, ಗುಡಿ, ತೋಪುಗಳು ಅಲ್ಲಿ ಕೈಯಳವಿನಲ್ಲಿದ್ದವು. ಮೋಹಿನೀ ಭಸ್ಮಾಸುರ ಚಿತ್ರದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಅಭಿನಯಿಸಿದರು. ಹೆಂಗಸರ ಪಾತ್ರಕ್ಕೆ ಹೆಂಗಸರೇ ನಮ್ಮ ಪರದೆಯ ಮೇಲೆ ಬಂದದ್ದು ಹೀಗೆ. ಸತ್ಯವಾನ್ ಸಾವಿತ್ರಿಯೂ ಸೇರಿ ಮೂರು ಚಿತ್ರಗಳನ್ನು ೧೯೧೪ರಲ್ಲಿ ಲಂಡನ್ನಿಗೆ ಒಯ್ದು ತೋರಿಸಿದಾಗ ಅಲ್ಲಿಯ ತಜ್ಞರು ಮೆಚ್ಚಿದರು. ಅಲ್ಲಿಯೇ ನಿಂತು ಚಿತ್ರ ತೆಗೆಯುವಂತೆ ಒಳ್ಳೆಯ ವೇತನದ ಆಹ್ವಾನವೂ ಬಂದಿತು. ಅವರು ಒಪ್ಪದೆ ಹಿಂದಿರುಗಿದರು. ಅಷ್ಟರಲ್ಲಿ ಮಹಾಯುದ್ಧವು ಹೊತ್ತಿ, ಹಣ ಕೊಡುವವರು ಕೈಹಿಡಿದರು. ಕಚ್ಚಾ ಫಿಲ್ಮು ವಿರಳವಾದ ಆ ದಿನಗಳಲ್ಲಿ, ಬೆಂಕಿಕಡ್ಡಿಗಳು ತಾವಾಗಿಯೇ ನಡೆದಾಡಿ ಆಕೃತಿಗಳನ್ನು ರಚಿಸುವಂಥ ಕಿರುಚಿತ್ರವನ್ನು ಮಾಡಿದರು.

೧೯೧೭ರ ಲಂಕಾದಹನವು ಅವರ ಕೀರ್ತಿಯ ಶಿಖರ. ಖಾನಾವಳಿಯಿಂದ ಬಂದ ಸಾಳುಂಕೆಯೇ ಅದರಲ್ಲಿ ರಾಮನೂ ಹೌದು, ಸೀತೆಯೂ ಹೌದು. ರಾಮನು ಪರದೆಯ ಮೇಲೆ ಕಾಣಿಸಿದೊಡನೆ ಪ್ರೇಕ್ಷಕರು ಪಾದರಕ್ಷೆಗಳನ್ನು ಕಳಚುತ್ತಿದ್ದರಂತೆ. ಮದರಾಸಿನಲ್ಲಿ ಗಳಿಕೆಯ ನಾಣ್ಯಗಳನ್ನು ಎತ್ತಿನ ಗಾಡಿಯಲ್ಲಿ ಹೇರಿ, ಪೋಲೀಸರ ಕಾವಲಿನಲ್ಲಿ ಸಾಗಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಮಾತಿಲ್ಲದ ಚಿತ್ರಕ್ಕೆ ಭಾಷೆಯ ಗಡಿಯೆಲ್ಲಿ? ನಡುನಡುವೆ ಬರುವ ಬರಹದ ಪಟ್ಟಿಗಳನ್ನು ಬದಲಿಸಿದರೆ, ಅಥವಾ ಓದುಬಲ್ಲವನೊಬ್ಬನು ಗಟ್ಟಿಯಾಗಿ ಹೇಳಿದರೆ ಸಾಕು. ಮರಾಠಿಗನ ಹನುಮಂತನು ತಮಿಳರಿಗೂ ಕನ್ನಡಿಗರಿಗೂ ಹನುಮಂತನೇ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಹಗಲು ದುಡಿದು, ಸಂಜೆ ಅಲ್ಲಿಯ ಚಿತ್ರಮಂದಿರದಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬನು ಇಂಥ ಮೂಕಚಿತ್ರಗಳನ್ನು ನೋಡಿ ಬೆಳೆದನು. ಅವನೇ ಮುಂದೆ ವಿ. ಶಾಂತಾರಾಮ್ ಎಂದು ಹೆಸರಾದನು.

೧೯೧೮ರಲ್ಲಿ ಬಂಡವಾಳಗಾರರನ್ನು ಕೂಡಿಕೊಂಡು ನಾಸಿಕದಲ್ಲಿ ಹಿಂದೂಸ್ತಾನ್ ಫಿಲ್ಮ್ ಕಂಪನಿಯು ಸ್ಥಾಪಿತವಾಯಿತು. ಶ್ರೀಕೃಷ್ಣ ಜನ್ಮ, ಕಾಳಿಯ ಮರ್ದನ ಚಿತ್ರಗಳಲ್ಲಿ ಬಾಲಕೃಷ್ಣನಾದವಳು ಅವರ ಪುಟ್ಟ ಮಗಳು ಮಂದಾಕಿನಿ. ಕಾಳಿಯ ಮರ್ದನದ ಮೊದಲಿಗೆ ಆ ಹುಡುಗಿಯ ಮುಖವೊಂದೇ ಪರದೆಯ ತುಂಬ ಬಂದು ಬಗೆಬಗೆಯ ಭಾವಗಳನ್ನು ತೋರುತ್ತದೆ. ಆಮೇಲೆ ಅದೇ ಮುಖವು ಕೃಷ್ಣನಾಗುತ್ತದೆ. ನಾನು ನೋಡಿದ ಹಳೆಯ ಚಿತ್ರಗಳಲ್ಲಿ ಇದರಷ್ಟು ನನಗೆ ಹಿಡಿಸಿದ್ದು ಬೇರೊಂದಿಲ್ಲ. ಆದರೆ ಪಾಲುದಾರರೊಡನೆ ಮತ್ತೆ ಅದೇ ಮನಸ್ತಾಪ. ಖರ್ಚಿನ ಲೆಕ್ಕ ಕೇಳುವವರು ಅವರು. ಲೆಕ್ಕವನ್ನು ಅವಮಾನವೆಂದು ತಿಳಿಯುವವರು ಇವರು. ತಾವೇ ಹುಟ್ಟಿಸಿದ ಸಂಸ್ಥೆಯನ್ನು ತೊರೆದು ಸಂಸಾರಸಮೇತ ಕಾಶಿಗೆ ಹೊರಟುಹೋದರು. ಅಲ್ಲಿ ರಂಗಭೂಮಿ ಎಂಬ ದೀರ್ಘ ನಾಟಕವನ್ನು ಬರೆದರು. ೧೯೨೨ರಲ್ಲಿ ಅದು ಆಡಲ್ಪಟ್ಟಿತು, ಗೆಲ್ಲಲಿಲ್ಲ. ಮರಳಿ ನಾಸಿಕದ ಕಂಪನಿಗೇ ಬಂದು ವೇತನಕ್ಕೆ ದುಡಿದರು. ಪೈಠಣದ ಏಕನಾಥರನ್ನು ಕುರಿತ ಅವರ ಚಿತ್ರವು ಈ ಅವಧಿಯದು. ಸಾಮಾನ್ಯವಾಗಿ ಹೇಳುವ ಲೆಕ್ಕದಂತೆ ಅವರ ಕಥಾಚಿತ್ರಗಳು ತೊಂಬತ್ತೈದು, ಕಿರುಚಿತ್ರಗಳು ಇಪ್ಪತ್ತೇಳು.

ಕಂಪನಿಯಿಂದ ಮತ್ತೆ ಹೊರಬಂದು ಸ್ವಂತವಾಗಿ ಸೇತುಬಂಧನ ಚಿತ್ರವನ್ನು ಅವರು ಪ್ರಾರಂಭಿಸಿದರು. ಕಪಿಸೈನ್ಯದ ದೃಶ್ಯಗಳಿಗಾಗಿ ನಮ್ಮ ಹಂಪೆಗೆ ಬಂದರು. ಕಿಷ್ಕಿಂಧೆಯನ್ನು ಬಣ್ಣದ ಪರದೆಯ ಮೇಲೆ ಬರೆಯುವುದಕ್ಕಿಂತ ತುಂಗಭದ್ರೆಯ ಬಂಡೆಗಳ ನಡುವೆಯೇ ಹುಡುಕಿದ ಅವರ ಕಣ್ಣಿಗೆ ಕನ್ನಡಿಗರು ಕೈಮುಗಿಯಬೇಕು. ಮದರಾಸು, ರತ್ನಾಗಿರಿಗಳಲ್ಲಿಯೂ ಚಿತ್ರೀಕರಣ ನಡೆಯಿತು. ಹಣ ಮುಗಿಯಿತು, ಕೆಲಸ ನಿಂತಿತು, ಮತ್ತೆ ಸಾಲ, ಮತ್ತೆ ಕೆಲಸ.

ಅಷ್ಟರಲ್ಲಿ ೧೯೩೧ರ ಮಾರ್ಚ್ ೧೪ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಅರ್ದೇಶಿರ್ ಇರಾನಿಯವರ ಆಲಂ ಆರಾ ಮಾತನಾಡಿತು, ಹಾಡಿತು. ಮಾತನಾಡುವ ಚಿತ್ರವನ್ನು ಕೇಳಿದ ಜನರಿಗೆ ಮೂಕ ಹನುಮಂತನು ಬೇಡವಾದನು. ಸೇತುಬಂಧನಕ್ಕೆ ಸುಮಾರು ನಲವತ್ತು ಸಾವಿರ ರೂಪಾಯಿ ವೆಚ್ಚಮಾಡಿ ಆಮೇಲೆ ಧ್ವನಿಯನ್ನು ಅಂಟಿಸಿ, ೧೯೩೪ರಲ್ಲಿ ಮತ್ತೆ ಹೊರತರಲಾಯಿತು. ತುಟಿಗಳು ಮೌನಕ್ಕಾಗಿ ಅಲುಗಿದ್ದವು. ಮಾತು ಹೊರಗಿನಿಂದ ಬಂದಿತು. ಯಾರನ್ನೂ ಅದು ತೃಪ್ತಿಗೊಳಿಸಲಿಲ್ಲ.

ಇಲ್ಲಿ ಒಂದು ಮಾತು. ಫಾಲ್ಕೆಯವರನ್ನು ಮುಳುಗಿಸಿದ ಆ ಧ್ವನಿಯೇ ನಮ್ಮ ಭಾಷೆಯನ್ನು ಪರದೆಗೆ ತಂದಿತು. ಅದೇ ೧೯೩೪ರ ಮಾರ್ಚ್ ೩ರಂದು ಸತಿ ಸುಲೋಚನಾ ಬೆಂಗಳೂರಿನಲ್ಲಿ ತೆರೆಕಂಡಿತು. ಚಲಚ್ಚಿತ್ರದಲ್ಲಿ ಕನ್ನಡವನ್ನು ಜನ ಮೊದಲು ಕೇಳಿದ್ದು ಆಗ. ಆ ಚಿತ್ರವು ತಯಾರಾದದ್ದು ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಏಕನಾಥರೂ ೧೯೩೫ರಲ್ಲಿ ಶಾಂತಾರಾಮರ ಧರ್ಮಾತ್ಮಾ ಚಿತ್ರದಲ್ಲಿ ಬಾಲಗಂಧರ್ವರ ಕಂಠದಿಂದ ಮಾತನಾಡಿದರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಬಸ್ಸಿನಲ್ಲಿ ಹಿಂದಿ ಆಡುವ ನೀವು, ಮೂಕಚಿತ್ರದ ಕಾಲವು ಚೆನ್ನಿತ್ತೋ, ವಾಕ್ಚಿತ್ರದ ಕಾಲವು ಚೆನ್ನಾಯಿತೋ ಎಂಬುದನ್ನು ನಿಮ್ಮಲ್ಲಿಯೇ ಚರ್ಚಿಸಿರಿ. ವಿಜಾಪುರದ ಸೀಮೆಯಿಂದ ಬಂದು ಹತ್ತು ವರ್ಷ ಈ ಶಹರದಲ್ಲಿ ಕನ್ನಡ ಕಲಿಸಿದ ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ.

ಕೊಲ್ಹಾಪುರ ಸಿನೆಟೋನಿನವರು ಕರೆದಾಗ ಫಾಲ್ಕೆಯವರಿಗೆ ಅರುವತ್ತನಾಲ್ಕು ವರ್ಷ. ಧ್ವನಿಯ ತಂತ್ರವನ್ನು ಆ ವಯಸ್ಸಿನಲ್ಲಿ ಕಲಿತು, ಎರಡು ವರ್ಷ ದುಡಿದು ಗಂಗಾವತರಣವನ್ನು ಮುಗಿಸಿದರು. ಅವರು ನಿರ್ದೇಶಿಸಿದ ವಾಕ್ಚಿತ್ರ ಇದೊಂದೇ. ೧೯೩೭ರ ಆಗಸ್ಟಿನಲ್ಲಿ ಬಿಡುಗಡೆಯಾಯಿತು. ಗೋದಾವರಿಯ ಉಗಮದಲ್ಲಿ ಹುಟ್ಟಿದವರ ಕಡೆಯ ಚಿತ್ರವು ನದಿಯೊಂದು ಭೂಮಿಗಿಳಿಯುವ ಕಥೆಯಾದದ್ದು ಕಾಕತಾಳೀಯವಿರಬಹುದು. ಅನಂತರ ನಾಸಿಕಕ್ಕೆ ಮರಳಿದರು. ಭಾರತೀಯ ಚಿತ್ರೋದ್ಯಮದ ರಜತ ಮಹೋತ್ಸವದ ಸಮಯದಲ್ಲಿ, ಮೂಲಪುರುಷರಿಗೆ ಸ್ವಂತ ಮನೆಯೇ ಇಲ್ಲವೆಂಬುದು ಉದ್ಯಮಕ್ಕೆ ಗೊತ್ತಾಯಿತು. ಶಾಂತಾರಾಮ್ ಮೊದಲಾದವರ ಪ್ರಯತ್ನದಿಂದ ಹಣ ಕೂಡಿ, ನಾಸಿಕದ ಗೋಳೆ ಕಾಲನಿಯಲ್ಲಿ ಒಂದು ಚಿಕ್ಕ ಮನೆಯಾಯಿತು. ಹುಬ್ಬಳ್ಳಿಯ ಆ ಹುಡುಗನು ಸಾಲ ತೀರಿಸಿದನೆನ್ನಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಿತ್ರ ತೆಗೆಯಲು ಸರಕಾರದ 
ಪರವಾನಿಗೆ ಬೇಕಾಗಿತ್ತು. ಎಪ್ಪತ್ತು ದಾಟಿದ್ದ ಅವರು ಅದಕ್ಕೂ ಅರ್ಜಿ ಹಾಕಿದ್ದರೆಂದೂ, ನಿರಾಕರಣೆಯು ಬಂದ ಎರಡು ದಿನಗಳಿಗೆ ತೀರಿಕೊಂಡರೆಂದೂ ಚರಿತ್ರಕಾರರು ಬರೆಯುತ್ತಾರೆ. ಅವರ ನಿಧನವು ೧೯೪೪ನೆಯ ಇಸವಿ ಫೆಬ್ರುವರಿ ೧೬ರಂದು ನಾಸಿಕದಲ್ಲಾಯಿತು.

೧೯೬೯ರಲ್ಲಿ ಭಾರತ ಸರಕಾರವು ಅವರ ಹೆಸರಿನ ಪುರಸ್ಕಾರವನ್ನು ಸ್ಥಾಪಿಸಿತು. ಅದನ್ನು ಮೊದಲು ಪಡೆದವರು, ಬೆಂಗಳೂರಿನ ಬಳಿ ನೆಲೆಸಿದ್ದ ದೇವಿಕಾರಾಣಿ, ನಮ್ಮ ಡಾ. ರಾಜಕುಮಾರರಿಗೂ ಅದು ಸಂದಿತು. ಆದರೆ ಚಿತ್ರಗಳೆಲ್ಲಿ? ಆ ಕಾಲದ ಫಿಲ್ಮು ಬೇಗನೆ ಹೊತ್ತಿಕೊಳ್ಳುವಂಥದು, ಶೈತ್ಯ ಉಷ್ಣಗಳಿಗೆ ಪುಡಿಯಾಗುವಂಥದು. ಬಹುಪಾಲು ನಾಶವಾಗಿತ್ತು. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದ ಪಿ. ಕೆ. ನಾಯರ್ ಎಂಬವರು ಫಾಲ್ಕೆಯವರ ಮಕ್ಕಳ ಮನೆಗಳ ಜಾಡು ಹಿಡಿದು ಹೋಗಿ, ಉಳಿದ ಸುರುಳಿಗಳನ್ನು ಕೂಡಿಸಿದರು. ಬಸ್ಸಿನಲ್ಲಿ ಕೇಳಿದ ಹುಡುಗನೇ, ನಿನಗೆ ಪತ್ತೇದಾರಿ ಬೇಕಾಗಿದ್ದರೆ ಇದನ್ನು ಗಮನಿಸು: ರಾಜಾ ಹರಿಶ್ಚಂದ್ರದ ನಾಲ್ಕು ಸುರುಳಿಗಳಲ್ಲಿ ಸಿಕ್ಕವು ಮೊದಲನೆಯದೂ ಕಡೆಯದೂ ಮಾತ್ರ. ಅವಾದರೂ ೧೯೧೩ರ ಮೂಲಪ್ರತಿಯವೋ, ೧೯೧೭ರಲ್ಲಿ ಅವರು ಮತ್ತೆ ತೆಗೆದ ಪ್ರತಿಯವೋ ಎಂಬುದರ ವಿಷಯದಲ್ಲಿ ವಿದ್ವಾಂಸರಲ್ಲಿ ವಿವಾದವುಂಟು. ಚಿತ್ರಪಟವನ್ನು ಹೇಗೆ ತಯಾರಿಸುತ್ತಾರೆಂಬುದನ್ನು ತೋರಿಸಲು ಅವರೇ ತೆಗೆದ ಕಿರುಚಿತ್ರದ ಒಂದು ತುಂಡೂ ಉಳಿದಿದೆ. ಅದರಲ್ಲಿ ಫಾಲ್ಕೆಯವರು ನಟರಿಗೆ ಪಾಠ ಹೇಳುತ್ತಾರೆ. ಕುಳಿತು ಫಿಲ್ಮಿನ ಉದ್ದನೆಯ ಪಟ್ಟಿಯೊಂದನ್ನು ಬೆಳಕಿಗೆ ಹಿಡಿದು, ಕಣ್ಣಿನ ಹತ್ತಿರ ತಂದು, ಒಂದೊಂದೇ ಚಿತ್ರವನ್ನು ಪರೀಕ್ಷಿಸುತ್ತಾರೆ.